ದೀಪದ ಗುಂಡಿ ಯಾರ ಕೈಯಲ್ಲಿರಬೇಕು?

ಎರಡು ವರ್ಷಗಳ ಕಾಲ ನಮ್ಮ ಮನೆಯ ಗೋಡೆಯ ಮೇಲಿನ ಬಹುತೇಕ ಎಲ್ಲ ಸ್ವಿಚ್ಚುಗಳಿಗೂ ಬಿಳಿಯ ಅಂಟುಪಟ್ಟಿ ಹಚ್ಚಲಾಗಿತ್ತು. ಗಾಯದ ಮೇಲೆ ಹತ್ತಿಯನ್ನು ಹಿಡಿದು ನಿಲ್ಲಿಸಲು ವೈದ್ಯರು ಬಳಸುವ ಅದೇ ಪಟ್ಟಿಯನ್ನು ನಾನೇ ಕ್ಲಿನಿಕ್ಕಿನಿಂದ ತಂದು ಹಚ್ಚಿದ್ದೆ. ಮನೆಗೆ ಬಂದ ಅತಿಥಿಗಳು ‘ಸ್ವಿಚ್ಚು ಕೆಟ್ಟಿದೆಯೇ ಡಾಕ್ಟರೇ?’ ಎಂದು ಕೇಳುತ್ತಿದ್ದರು. ಕೆಟ್ಟಿರಲಿಲ್ಲ. ಸರಿಯಾಗಿ ಕೆಲಸ ಮಾಡುತ್ತಿದ್ದ ಸ್ವಿಚ್ಚನ್ನು ಯಾರೂ ಮುಟ್ಟಬಾರದೆಂಬುದೇ ಆ ಪಟ್ಟಿಯ ಉದ್ದೇಶವಾಗಿತ್ತು. ಏಕೆಂದರೆ ನಮ್ಮ ಮನೆಯ ದೀಪಗಳು ‘ಸ್ಮಾರ್ಟ್’ ಆಗಿದ್ದವು.

ನಾವಿರುವುದು ದುಬೈನ ಸತ್ವಾದಲ್ಲಿ. ಊರಿನಲ್ಲಿ ಕುಳಿತು ದುಬೈಯನ್ನು ಚಿತ್ರಗಳಲ್ಲಿ ನೋಡುವವರಿಗೆ ಸತ್ವಾ ತಕ್ಷಣ ಕಣ್ಣಿಗೆ ಬೀಳದು. ಒಂದು ಬದಿಗೆ ಶೇಖ್ ಜಾಯೆದ್ ರಸ್ತೆಯ ಗಗನಚುಂಬಿಗಳು, ಇನ್ನೊಂದು ಬದಿಗೆ ಜುಮೇರಾದ ಸಮುದ್ರತೀರ. ನಡುವೆ ದರ್ಜಿಗಳ, ಬಟ್ಟೆಯ, ಗಿಡಗಳ ಅಂಗಡಿಗಳೂ ತಗ್ಗಾದ ಹಳೆಯ ಮನೆಗಳೂ ಇರುವ ಬಡಾವಣೆ ಇದು. ಹಿಂದೆ ಅಲ್ ದಿಯಾಫಾ ಎಂದು ಕರೆಯಲ್ಪಡುತ್ತಿದ್ದ ಇಲ್ಲಿನ ಮುಖ್ಯರಸ್ತೆಗೆ ಈಗ ‘ಡಿಸೆಂಬರ್ 2’ ಎಂಬ ಹೆಸರು. 1971ರಲ್ಲಿ ಈ ಒಕ್ಕೂಟ ಹುಟ್ಟಿದ ದಿನದ ನೆನಪಿಗಾಗಿ ಇಟ್ಟದ್ದು. ನಮ್ಮ ಮಹಡಿಯಿಂದ ರಾತ್ರಿ ನೋಡಿದರೆ 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಮೈಮೇಲೆ ಬಣ್ಣದ ದೀಪಗಳು ಓಡಾಡುತ್ತವೆ. ಅಂಥ ಊರಿನಲ್ಲಿದ್ದು ಮನೆಯೊಳಗೆ ಮಾತ್ರ ಹಳೆಯ ಕಾಲದ ದೀಪವೇಕೆ ಎಂದು ಮಗ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಬಾಡಿಗೆಯ ಮನೆಯಾದ್ದರಿಂದ ಗೋಡೆ ಒಡೆದು ತಂತಿ ಬದಲಿಸುವಂತಿರಲಿಲ್ಲ. ಆದ್ದರಿಂದ ಬಲ್ಬುಗಳನ್ನೇ ಬದಲಿಸಿದೆವು. ಈ ಬಗೆಯ ಬಲ್ಬಿನೊಳಗೆ ಒಂದು ಪುಟ್ಟ ರೇಡಿಯೊ ಇರುತ್ತದೆ. ಮೊಬೈಲಿನಿಂದಲೋ ಧ್ವನಿಯಿಂದಲೋ ಅದಕ್ಕೆ ಆಜ್ಞೆ ಕೊಡಬಹುದು. ಫಿಲಿಪ್ಸ್ ಹ್ಯೂ 2012ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಇಂಥ ದೀಪಗಳು ಜಗತ್ತಿನ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕವು; ಇಂದು ಹತ್ತಾರು ಕಂಪನಿಗಳು ಅವನ್ನು ಮಾರುತ್ತಿವೆ. ಆದರೆ ಆ ರೇಡಿಯೊ ಸದಾ ಎಚ್ಚರವಾಗಿರಬೇಕಾದರೆ ಬಲ್ಬಿಗೆ ಸದಾ ವಿದ್ಯುತ್ ಹರಿಯುತ್ತಿರಬೇಕು. ಗೋಡೆಯ ಸ್ವಿಚ್ಚು ಆರಿಸಿದೊಡನೆ ಬಲ್ಬು ಕಿವುಡಾಗುತ್ತದೆ. ಆಮೇಲೆ ಮೊಬೈಲಿನಲ್ಲಿ ಎಷ್ಟು ಒತ್ತಿದರೂ ಅದು ಕೇಳಿಸಿಕೊಳ್ಳದು. ಅಂಟುಪಟ್ಟಿಯ ರಹಸ್ಯ ಇದೇ.

ಆರಂಭದ ದಿನಗಳ ಸಂತೋಷವನ್ನು ನಾನು ಅಲ್ಲಗಳೆಯಲಾರೆ. ಸೂರ್ಯಾಸ್ತದ ವೇಳೆ ತಾನೇ ಲೆಕ್ಕ ಹಾಕಿಕೊಂಡು, ಮಸೀದಿಯಿಂದ ಸಂಜೆಯ ಆಜಾನ್ ಕೇಳಿಬರುವ ಹೊತ್ತಿಗೆ ನಡುಮನೆಯ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ರಾತ್ರಿ ಒಂಬತ್ತು ದಾಟಿದ ಮೇಲೆ ಬಿಳಿಯ ಬೆಳಕು ನಿಧಾನವಾಗಿ ಹಳೆಯ ಲಾಟೀನಿನ ಬಣ್ಣಕ್ಕೆ ತಿರುಗುತ್ತಿತ್ತು. ವೈದ್ಯನಾಗಿ ಇದನ್ನು ಮೆಚ್ಚಲು ನನಗೆ ಕಾರಣವಿತ್ತು. ನಮ್ಮ ಕಣ್ಣಿನ ರೆಟಿನಾದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಕೆಲವು ನರಕೋಶಗಳಿವೆ. ಅವು ನೋಡುವುದಕ್ಕಿಂತ ಹೆಚ್ಚಾಗಿ ಹಗಲು ರಾತ್ರಿಗಳ ಲೆಕ್ಕವನ್ನು ಮಿದುಳಿಗೆ ಒಪ್ಪಿಸುತ್ತವೆಯೆಂಬುದು 2002ರ ಸುಮಾರಿಗೆ ಖಚಿತವಾಯಿತು. ನೀಲಿ ಅಂಶ ಹೆಚ್ಚಿರುವ ಬೆಳಕಿಗೆ ಅವು ತೀವ್ರವಾಗಿ ಸ್ಪಂದಿಸುತ್ತವೆ. ರಾತ್ರಿ ಅಂಥ ಬೆಳಕು ಬಿದ್ದರೆ ನಿದ್ರೆಯನ್ನು ತರುವ ಮೆಲಟೋನಿನ್ ಸ್ರವಿಸುವುದು ಕುಗ್ಗುತ್ತದೆ. ದೇಹದ ಈ ಒಳಗಡಿಯಾರದ ರಹಸ್ಯವನ್ನು ಬಿಡಿಸಿದ ಮೂವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಸಂಜೆಯ ಬಳಿಕ ದೀಪವನ್ನು ಮಂದಗೊಳಿಸಿ ಹಳದಿಗೆ ತಿರುಗಿಸಿ ಎಂದು ರೋಗಿಗಳಿಗೆ ಹೇಳುತ್ತಿದ್ದವನು ನಾನು. ಹೇಳದೆಯೇ ಅದನ್ನು ಮಾಡುವ ದೀಪ ಮನೆಗೇ ಬಂದಿತ್ತು.

ಹೀಗಿರುವಾಗ ಊರಿನಿಂದ ಅಮ್ಮ ಬಂದರು.

ಅಮ್ಮನದು ತೀರ್ಥಹಳ್ಳಿಯ ಕಡೆಯ ಹಳ್ಳಿ. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿಯೇ ಶಿವನಸಮುದ್ರದ ವಿದ್ಯುತ್ ಬಂದಿದ್ದರೂ ನಮ್ಮ ಮನೆಗೆ ದೀಪ ಬಂದದ್ದು ನಾನು ಮೂರನೆಯ ತರಗತಿಯಲ್ಲಿದ್ದಾಗ. ಅಲ್ಲಿಯವರೆಗೆ ಚಿಮಣಿಬುಡ್ಡಿ, ಲಾಟೀನುಗಳ ಬೆಳಕಿನಲ್ಲಿಯೇ ಸಂಸಾರ ನಡೆಸಿದ ಜೀವ ಅದು. ಕೋಣೆಯಿಂದ ಹೊರಬರುವಾಗ ಕೈ ತಾನಾಗಿಯೇ ಸ್ವಿಚ್ಚಿನತ್ತ ಹೋಗುತ್ತದೆ. ಮುಸ್ಸಂಜೆಯಲ್ಲಿ ವಿದ್ಯುತ್ ದೀಪ ಹಾಕಿದರೂ ಒಂದು ಕ್ಷಣ ನಿಂತು ಕೈಮುಗಿಯುತ್ತಾರೆ. ದೀಪವನ್ನು ‘ಆರಿಸು’ ಎಂದು ಅವರ ಬಾಯಿಂದ ಎಂದೂ ಬರದು, ‘ದೊಡ್ಡದು ಮಾಡು’ ಎಂದೇ ಹೇಳುತ್ತಾರೆ. ನಮ್ಮ ಮನೆಯ ಧ್ವನಿಯಂತ್ರಕ್ಕೆ ಕನ್ನಡ ಬಾರದು. ಬಂದಿದ್ದರೂ, ಮಲಗುವ ಹೊತ್ತಿಗೆ ಅಮ್ಮ ‘ದೀಪ ದೊಡ್ಡದು ಮಾಡು’ ಎಂದಿದ್ದರೆ ಅದು ಏನು ಮಾಡುತ್ತಿತ್ತೆಂದು ನೆನೆದು ಮೊಮ್ಮಕ್ಕಳು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದರು. ಆದರೆ ಅಂಟುಪಟ್ಟಿಯ ಶಿಸ್ತಿಗೆ ಒಗ್ಗಿಕೊಳ್ಳಲು ಅವರು ಪಟ್ಟ ಸಂಕೋಚವನ್ನು ನಾನು ಗಮನಿಸಲಿಲ್ಲ. ಮೊದಲ ವಾರದಲ್ಲಿಯೇ ಒಮ್ಮೆ, ‘ಮಗಾ, ನನ್ನ ಕೋಣೆಗೊಂದು ಝೀರೋ ಬಲ್ಬು ಹಾಕಿಸಿಕೊಡುತ್ತೀಯೇನೋ?’ ಎಂದು ಕೇಳಿದರು. ‘ಅದೆಲ್ಲ ಯಾಕಮ್ಮಾ, ಈ ದೀಪವೇ ಬೇಕಾದಷ್ಟು ಚಿಕ್ಕದಾಗುತ್ತದೆ’ ಎಂದೆ.

ಮೂರನೆಯ ವಾರ, ಒಂದು ರಾತ್ರಿ ಮೂರರ ಸುಮಾರಿಗೆ ಅಮ್ಮ ಬಚ್ಚಲಿಗೆಂದು ಎದ್ದರು. ರಕ್ತದೊತ್ತಡಕ್ಕೆ ಅವರು ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವುದೂ ಒಂದು. ದೀಪ ಹಾಕಲು ಮೊಬೈಲು ಬೇಕು. ಅದನ್ನು ಬಳಸಲು ಅವರಿಗೆ ಬಾರದು. ಕೂಗಿ ಹೇಳಲು ಭಾಷೆ ಬಾರದು. ಬಂದರೂ ಎಲ್ಲರ ನಿದ್ರೆ ಕೆಡಿಸಲು ಮನಸ್ಸಿಲ್ಲ. ಅಂಟುಪಟ್ಟಿ ಕಿತ್ತು ಸ್ವಿಚ್ಚು ಒತ್ತಿದರೆ ಮಗ ಬೇಸರಿಸಿಕೊಂಡಾನು. ಗೋಡೆ ಹಿಡಿದುಕೊಂಡು ಕತ್ತಲಲ್ಲಿಯೇ ಹೊರಟರು. ಓಣಿಯಲ್ಲಿ ಕಾಲು ಎಡವಿ, ಚಾಚಿದ ಬಲಗೈಯ ಮೇಲೆ ಬಿದ್ದರು. ಸದ್ದು ಕೇಳಿ ಓಡಿಬಂದು ನೋಡಿದಾಗ ಮಣಿಕಟ್ಟು ಊಟದ ಮುಳ್ಳುಚಮಚದ ಆಕಾರದಲ್ಲಿ ಬಾಗಿತ್ತು. ವೈದ್ಯ ವಿದ್ಯಾರ್ಥಿಗೂ ಒಂದೇ ನೋಟಕ್ಕೆ ತಿಳಿಯುವ ಮುರಿತವದು. ಆರು ವಾರ ಪ್ಲಾಸ್ಟರು. ‘ನಿನ್ನದೇನೂ ತಪ್ಪಿಲ್ಲ, ನಂಗೇ ಕಣ್ಣು ಕಾಣಲಿಲ್ಲ’ ಎಂದು ಅಮ್ಮನೇ ನನ್ನನ್ನು ಸಮಾಧಾನಪಡಿಸಿದರು. ಸೊಂಟದ ಮೂಳೆ ಉಳಿದದ್ದು ನಮ್ಮ ಪುಣ್ಯ. ಆ ವಯಸ್ಸಿನಲ್ಲಿ ಸೊಂಟ ಮುರಿದವರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲವೆಂಬುದು ನನಗೆ ತಿಳಿಯದ ವಿಷಯವಲ್ಲ.

ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಹಾಸಿಗೆಯಿಂದ ಒಮ್ಮೆಲೇ ಎದ್ದಾಗ ರಕ್ತದೊತ್ತಡ ಇಳಿದು ತಲೆಸುತ್ತುವುದೂ ಉಂಟು. ಮಂಚದಿಂದ ಬಚ್ಚಲಿನವರೆಗಿನ ದಾರಿಯಲ್ಲಿ ಬೆಳಕಿರಲಿ, ಸ್ವಿಚ್ಚು ಕೈಗೆಟುಕುವಂತಿರಲಿ ಎಂದು ಮೂವತ್ತು ವರ್ಷಗಳಿಂದ ರೋಗಿಗಳ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ನನ್ನ ಮನೆಯಲ್ಲಿ ಬಲ್ಬು ಕೆಟ್ಟಿರಲಿಲ್ಲ, ಇಂಟರ್ನೆಟ್ ನಿಂತಿರಲಿಲ್ಲ, ವ್ಯವಸ್ಥೆ ತನ್ನ ನಿಯಮದಂತೆಯೇ ನಡೆಯುತ್ತಿತ್ತು. ಕೋಣೆಯಲ್ಲಿದ್ದವರ ಕೈಯಿಂದ ದೀಪದ ಗುಂಡಿಯನ್ನು ಕಿತ್ತುಕೊಂಡದ್ದು ನಾನು.

ಆ ವಾರವೇ ಕ್ಲಿನಿಕ್ಕಿಗೆ ನಿದ್ರಾಹೀನತೆಯೆಂದು ಬಂದ ಕರಾವಳಿಯ ಯುವಕನೊಬ್ಬ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳಿದ. ರಾತ್ರಿಪಾಳಿಯ ಕೆಲಸ, ಹಗಲು ನಿದ್ರೆ ಬಾರದು. ಕತ್ತಲೆಯ ಕೋಣೆಯಲ್ಲಿ ಮಲಗಬೇಕಪ್ಪಾ ಎಂದೆ. ಅವನು ನಕ್ಕ. ‘ಡಾಕ್ಟ್ರೇ, ನಮ್ಮ ರೂಮಿನಲ್ಲಿ ಆರು ಜನ. ಲೈಟಿನ ಸ್ವಿಚ್ಚು ನನ್ನ ಕೈಯಲ್ಲಿಲ್ಲ.’ ಈ ಊರಿಗೆ ಬರಬೇಕೆಂದಿರುವ ಯುವಕರು ‘ಬೆಡ್‌ಸ್ಪೇಸ್’ ಎಂಬ ಪದವನ್ನು ಕೇಳಿಯೇ ಇರುತ್ತೀರಿ. ಬಾಡಿಗೆಗೆ ಸಿಗುವುದು ಮನೆಯೂ ಅಲ್ಲ, ಕೋಣೆಯೂ ಅಲ್ಲ. ಒಂದು ಮಂಚದ ಜಾಗ. ಒಬ್ಬನ ಬೆಳಗು ಇನ್ನೊಬ್ಬನ ರಾತ್ರಿ. ಕೆಳಗಿನ ಮಂಚದ ಸುತ್ತ ಬೆಡ್‌ಶೀಟು ಇಳಿಬಿಟ್ಟು, ಮೊಬೈಲಿನ ಬೆಳಕಿನಲ್ಲಿ ಬಟ್ಟೆ ಹುಡುಕಿಕೊಂಡು, ಸದ್ದಾಗದಂತೆ ಬಾಗಿಲು ಹಾಕಿಕೊಂಡು ಹೋಗುವುದನ್ನು ಅಲ್ಲಿ ಎಲ್ಲರೂ ಕಲಿಯುತ್ತಾರೆ. ಕಲಿಯದ ಕೋಣೆಯಲ್ಲಿ ಜಗಳಗಳಾಗುತ್ತವೆ. ಒಂದೇ ದೀಪವನ್ನು ಆರು ಮಂದಿ ಮಾತನಾಡಿಕೊಂಡು ಹಂಚಿಕೊಳ್ಳುವ ಆ ಕೋಣೆಗಿಂತ, ಹನ್ನೆರಡು ಬಲ್ಬುಗಳಿದ್ದೂ ಯಾರನ್ನೂ ಕೇಳದೆ ನಿಯಮ ಮಾಡಿದ್ದ ನನ್ನ ಮನೆ ಒಂದು ವಿಷಯದಲ್ಲಿ ಹಿಂದುಳಿದಿತ್ತು ಎಂದು ನನಗೆ ಅಂದು ಅನ್ನಿಸಿತು.

ಆದರೂ ಪಾಠವನ್ನು ನಾನು ಅರ್ಧವಷ್ಟೇ ಕಲಿತಿದ್ದೆ. ಕೈ ಕೂಡಿದ ಮೇಲೆ ಅಮ್ಮ ಊರಿಗೆ ಮರಳಿದರು. ಮತ್ತೆ ಬೀಳಬಾರದೆಂದು ಆ ವರ್ಷದ ರಜೆಯಲ್ಲಿ ಊರಿನ ಮನೆಗೂ ಇದೇ ಬಗೆಯ ದೀಪಗಳನ್ನು ಹಾಕಿಸಿದೆ. ಅಲ್ಲಿ ಸ್ವಿಚ್ಚುಗಳಿಗೆ ಪಟ್ಟಿ ಹಚ್ಚಲಿಲ್ಲ. ಮಲಗುವ ಕೋಣೆಯಿಂದ ಬಚ್ಚಲಿನವರೆಗೆ, ಓಡಾಟವನ್ನು ಗುರುತಿಸಿ ತಾನೇ ಹೊತ್ತಿಕೊಳ್ಳುವ ದೀಪಗಳು. ಜೊತೆಗೆ, ಯಾವ ದೀಪ ಯಾವಾಗ ಹೊತ್ತಿತೆಂಬುದು ಸತ್ವಾದಲ್ಲಿರುವ ನನ್ನ ಮೊಬೈಲಿನಲ್ಲಿ ಕಾಣುವ ಏರ್ಪಾಡು. ನಮಗೂ ಊರಿಗೂ ಒಂದೂವರೆ ಗಂಟೆಯ ಅಂತರ. ಅಲ್ಲಿ ಐದೂವರೆಗೆ ಅಡುಗೆಮನೆಯ ದೀಪ ಹೊತ್ತಿದರೆ ಇಲ್ಲಿನ ನಾಲ್ಕು ಗಂಟೆಯ ಎದುರು ಒಂದು ಗುರುತು. ಬೆಳಿಗ್ಗೆ ಎದ್ದು ಆ ಗುರುತನ್ನು ನೋಡಿದರೆ ಅಮ್ಮ ಎದ್ದಿದ್ದಾರೆ, ಒಲೆ ಹಚ್ಚಿದ್ದಾರೆ ಎಂಬ ನೆಮ್ಮದಿ. ಪರದೇಶದಲ್ಲಿರುವ ಮಕ್ಕಳಿಗೆ ಆ ನೆಮ್ಮದಿಯ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆಗಾಲ ಬಂತು. ಎರಡು ದಿನ ವಿದ್ಯುತ್ ಇಲ್ಲದೆ ಇನ್ವರ್ಟರಿನ ಬ್ಯಾಟರಿಯೂ ಬರಿದಾಯಿತು. ನನ್ನ ಮೊಬೈಲಿನಲ್ಲಿ ಎಲ್ಲ ದೀಪಗಳೂ ‘ಸಂಪರ್ಕದಲ್ಲಿಲ್ಲ’ ಎಂದವು. ಫೋನು ತಾಗಲಿಲ್ಲ. ಕೊನೆಗೆ ಆಚೆಮನೆಯ ಹುಡುಗನೊಬ್ಬ ಸಿಕ್ಕಿ, ಮಳೆಯಲ್ಲಿ ಟಾರ್ಚು ಹಿಡಿದು ಹೋಗಿ ನೋಡಿಬಂದ. ಅಮ್ಮ ಚಿಮಣಿಯ ಮುಂದೆ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದರಂತೆ. ಮರುದಿನ ರಾತ್ರಿ ಎರಡೂವರೆಗೆ ವಿದ್ಯುತ್ ಬಂದಾಗ ಮನೆಯ ಎಲ್ಲ ಬಲ್ಬುಗಳೂ ಹಗಲಿನಷ್ಟು ಬಿಳಿಯಾಗಿ ಏಕಕಾಲಕ್ಕೆ ಉರಿದವು. ಅಮ್ಮ ಗಾಬರಿಯಾಗಿ ಎದ್ದು ಕುಳಿತರು. ಇದು ದೋಷವಲ್ಲ. ವಿದ್ಯುತ್ ಹೋಗಿಬಂದರೆ, ಯಾರೋ ಸ್ವಿಚ್ಚು ಒತ್ತಿದ್ದಾರೆಂದು ತಿಳಿದು ಪೂರ್ಣವಾಗಿ ಬೆಳಗುವುದು ಇಂಥ ಹಲವು ಬಲ್ಬುಗಳ ಸ್ವಭಾವ. ಅದನ್ನು ಬದಲಿಸುವ ಆಯ್ಕೆಯೂ ಇರುತ್ತದೆ, ನಾನು ನೋಡಿರಲಿಲ್ಲ. ಬಲ್ಬನ್ನು ರೂಪಿಸಿದವರಿಗೆ ಮಲೆನಾಡಿನ ಆಷಾಢ ಗೊತ್ತಿರಲಿಲ್ಲ, ಅದು ಗೊತ್ತಿದ್ದ ನಾನು ಯೋಚಿಸಲಿಲ್ಲ.

ಇವೆಲ್ಲ ಸಣ್ಣ ತೊಂದರೆಗಳು. ದೊಡ್ಡ ತಪ್ಪು ಬೇರೆಯೇ ಇತ್ತು. ಒಂದು ದಿನ ಫೋನಿನಲ್ಲಿ, ‘ಅಮ್ಮಾ, ನಿನ್ನೆ ರಾತ್ರಿ ನಾಲ್ಕು ಸಲ ಎದ್ದಿದ್ದೀಯಲ್ಲ, ಸಕ್ಕರೆ ಪರೀಕ್ಷೆ ಮಾಡಿಸಿದೆಯಾ?’ ಎಂದು ಕೇಳಿದೆ. ವೈದ್ಯನ ಪ್ರಶ್ನೆಯಾಗಿ ಅದು ಸರಿಯೇ. ಅತ್ತ ಕಡೆ ಒಂದು ಕ್ಷಣ ಮೌನ. ಬಳಿಕ ‘ಹೂಂ’ ಎಂದರು. ಆಮೇಲಿನ ದಿನಗಳಲ್ಲಿ ಮೊಬೈಲಿನ ಲೆಕ್ಕ ಉತ್ತಮವಾಗುತ್ತ ಬಂತು. ರಾತ್ರಿ ಒಂದು ಸಲ, ಕೆಲವು ದಿನ ಒಂದು ಸಲವೂ ಇಲ್ಲ. ಔಷಧ ಹಿಡಿಯಿತೆಂದು ಸಂತೋಷಪಟ್ಟೆ. ಮುಂದಿನ ರಜೆಗೆ ಹೋದಾಗ ಅಮ್ಮನ ದಿಂಬಿನ ಕೆಳಗೆ ಒಂದು ಹಳೆಯ ಟಾರ್ಚು ಸಿಕ್ಕಿತು. ಓಣಿಯ ದೀಪಗಳ ಸ್ವಿಚ್ಚನ್ನು ಮಲಗುವ ಮುಂಚೆ ಆರಿಸಿಬಿಡುತ್ತಿದ್ದರು. ಕೇಳಿದ್ದಕ್ಕೆ, ‘ಬಚ್ಚಲಿಗೆ ಹೋಗಿದ್ದೂ ಮಗನಿಗೆ ದುಬೈನಲ್ಲಿ ತಿಳೀಬೇಕಾ ಮಾರಾಯ? ನಾಚಿಕೆ ಆಗುತ್ತಪ್ಪ’ ಎಂದರು. ಸ್ವಲ್ಪ ತಡೆದು, ‘ಮೊದಲೆಲ್ಲ ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದೆ. ಈಗ ದೀಪ ನೋಡಿದರೆ ಸಾಕಾಯಿತಾ ನಿಂಗೆ?’ ಎಂದೂ ಕೇಳಿದರು.

ಅದು ನಿಜವಾಗಿತ್ತು. ದೀಪಗಳು ಸುದ್ದಿ ಹೇಳತೊಡಗಿದ ಮೇಲೆ ನನ್ನ ಬೆಳಗಿನ ಕರೆ ವಾರಕ್ಕೆರಡು ಸಲಕ್ಕೆ ಇಳಿದಿತ್ತು. ನಾನು ಅದನ್ನು ಲೆಕ್ಕವಿಟ್ಟಿರಲಿಲ್ಲ, ಅಮ್ಮ ಇಟ್ಟಿದ್ದರು. ಬೀಳಬಾರದೆಂದು ಹಾಕಿಸಿದ ದೀಪವನ್ನು ನನ್ನ ಕಣ್ಣಿಗೆ ಬೀಳಬಾರದೆಂದು ಆರಿಸಿ, ಅವರು ಮತ್ತೆ ಕತ್ತಲಲ್ಲಿ ನಡೆಯುತ್ತಿದ್ದರು. ಎರಡನೆಯ ಬಾರಿಯೂ ಗುಂಡಿ ಇದ್ದದ್ದು ಕೋಣೆಯಲ್ಲಿದ್ದವರ ಕೈಯಲ್ಲಲ್ಲ. ಎರಡೂವರೆ ಸಾವಿರ ಕಿಲೋಮೀಟರಿನಷ್ಟು ದೂರದ ನನ್ನ ಕೈಯಲ್ಲಿ.

ಗುಂಡಿ ಇನ್ನೂ ದೂರದವರ ಕೈಯಲ್ಲಿರುವುದೂ ಉಂಟು. ಅನೇಕ ವ್ಯವಸ್ಥೆಗಳಲ್ಲಿ ನಮ್ಮ ಆಜ್ಞೆ ಮೊದಲು ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ಮರಳಿ ನಮ್ಮದೇ ಬಲ್ಬಿಗೆ ಬರುತ್ತದೆ. ಅಮೆರಿಕದಲ್ಲಿ ‘ರಿವಾಲ್ವ್’ ಎಂಬ ಗೃಹನಿಯಂತ್ರಣ ಸಾಧನವನ್ನು ಕೊಂಡ ಕಂಪನಿ 2016ರಲ್ಲಿ ಅದರ ಸೇವೆಯನ್ನು ನಿಲ್ಲಿಸಿದಾಗ, ಹಣ ಕೊಟ್ಟು ತಂದಿದ್ದ ಸಾಧನಗಳು ನಿರುಪಯೋಗಿಯಾದವು. ಅಲ್ಲಿಯದೇ ‘ಇನ್‌ಸ್ಟಿಯಾನ್’ ಎಂಬ ಸಂಸ್ಥೆಯ ಸರ್ವರುಗಳು 2022ರ ಏಪ್ರಿಲಿನಲ್ಲಿ ಮುನ್ಸೂಚನೆಯಿಲ್ಲದೆ ನಿಂತುಹೋದವು. ಬೇರೆ ಬೇರೆ ಕಂಪನಿಗಳ ಸಾಧನಗಳು ಮನೆಯೊಳಗೇ ಪರಸ್ಪರ ಮಾತನಾಡುವಂತೆ ಮಾಡಲು ‘ಮ್ಯಾಟರ್’ ಎಂಬ ಸಾಮಾನ್ಯ ಮಾನದಂಡ ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಬಂದದ್ದು ಸ್ವಾಗತಾರ್ಹ.

ವಿದ್ಯುತ್ ಉಳಿಯುತ್ತದೆಯಲ್ಲ ಎಂಬ ವಾದವನ್ನೂ ನೋಡೋಣ. ಉಳಿಸುವುದು ಎಲ್‌ಇಡಿ ತಂತ್ರಜ್ಞಾನ, ಬಲ್ಬಿನ ಜಾಣತನವಲ್ಲ. ದುಬೈ ನಗರಪಾಲಿಕೆಯೂ ಫಿಲಿಪ್ಸ್ ಸಂಸ್ಥೆಯೂ ಸೇರಿ 2016ರಲ್ಲಿ ಪ್ರಕಟಿಸಿದ ‘ದುಬೈ ಲ್ಯಾಂಪ್’ ಕೇವಲ 3 ವಾಟಿನಲ್ಲಿ ಹಳೆಯ 60 ವಾಟ್ ಬಲ್ಬಿನಷ್ಟು ಬೆಳಕು ಕೊಡುತ್ತದೆ. ಅದರಲ್ಲಿ ರೇಡಿಯೊವೂ ಇಲ್ಲ, ಆ್ಯಪೂ ಇಲ್ಲ; ಗೋಡೆಯ ಸ್ವಿಚ್ಚೇ ಸಾಕು. ಸ್ಮಾರ್ಟ್ ಬಲ್ಬು ಆರಿದ್ದಾಗಲೂ ರೇಡಿಯೊಗಾಗಿ ಅಲ್ಪಸ್ವಲ್ಪ ವಿದ್ಯುತ್ ಎಳೆಯುತ್ತಲೇ ಇರುತ್ತದೆ. ಇಷ್ಟಕ್ಕೂ ಇಲ್ಲಿನ ಬೇಸಿಗೆಯಲ್ಲಿ ಮನೆಯ ಬಿಲ್ಲನ್ನು ಏರಿಸುವುದು ದೀಪವಲ್ಲ, ಎಸಿ.

ಹಾಗೆಂದು ಈ ವ್ಯವಸ್ಥೆಯನ್ನೇ ಬೇಡವೆನ್ನುವವನು ನಾನಲ್ಲ. ಹಾಸಿಗೆಯಿಂದ ಏಳಲಾರದವರಿಗೆ, ಕೈಕಾಲು ಸ್ವಾಧೀನದಲ್ಲಿಲ್ಲದವರಿಗೆ ಒಂದು ಮಾತಿನಿಂದ ದೀಪ ಹಾಕುವ ಸಾಮರ್ಥ್ಯ ಸಣ್ಣ ಸ್ವಾತಂತ್ರ್ಯವಲ್ಲ. ಅವರ ಪಾಲಿಗೆ ಅದು ಗುಂಡಿಯನ್ನು ಕಸಿದುಕೊಳ್ಳುವುದಿಲ್ಲ, ಕೈಗೆ ತಂದುಕೊಡುತ್ತದೆ. ಯಾವ ಮನೆಯಲ್ಲೇ ಆಗಲಿ, ಅಳೆಯಬೇಕಾದ ಅಳತೆಗೋಲು ಇದೇ ಎಂಬುದು ನನ್ನ ಅಭಿಪ್ರಾಯ.

ಊರಿನಲ್ಲಿರುವ ತಂದೆತಾಯಿಯರ ಮನೆಗೆ ಇಂಥ ದೀಪ ಹಾಕಿಸಬೇಕೆಂದಿರುವವರು ಮೊದಲು ಅವರನ್ನೇ ಕೇಳಿ. ಸಾಧ್ಯವಿದ್ದರೆ ಬಲ್ಬಿನ ಬದಲು ಗೋಡೆಯ ಸ್ವಿಚ್ಚನ್ನೇ ಸ್ಮಾರ್ಟ್ ಆಗಿಸಿ. ಆಗ ಬೆರಳಿಗೂ ಮೊಬೈಲಿಗೂ ಅದು ಸಮಾನವಾಗಿ ವಿಧೇಯವಾಗಿರುತ್ತದೆ. ಸ್ವಿಚ್ಚಿನ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ತಂತಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಬಳಿ ಮೊದಲೇ ನೋಡಿಸಿ. ಇಲ್ಲದ ಹಳೆಯ ಮನೆಗಳಲ್ಲಿ ಅನೇಕ ಸಾಧನಗಳು ಕೆಲಸ ಮಾಡವು. ಬಾಡಿಗೆಯ ಮನೆಯಾದರೆ ಮಾಲೀಕರ ಅನುಮತಿ ಬೇಕು. ಇಂಟರ್ನೆಟ್ ನಿಂತರೂ ದೀಪ ಹೊತ್ತೀತೇ, ವಿದ್ಯುತ್ ಹೋಗಿಬಂದರೆ ಏನಾದೀತು ಎಂಬೆರಡನ್ನೂ ಅಲ್ಲಿಂದ ಹೊರಡುವ ಮುಂಚೆ ಪರೀಕ್ಷಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ದೀಪದ ಲೆಕ್ಕ ನಿಮ್ಮ ಮೊಬೈಲಿಗೆ ಬರಬೇಕೇ ಬೇಡವೇ ಎಂಬುದನ್ನು ಆ ಮನೆಯಲ್ಲಿರುವವರು ನಿರ್ಧರಿಸಲಿ. ಇಲ್ಲಿಗೆ ಬರಲಿರುವ ಯುವಕರಿಗೆ ಒಂದೇ ಮಾತು: ಮೊದಲ ಕೋಣೆಯಲ್ಲಿ ದೀಪದ ಸ್ವಿಚ್ಚು ನಿಮ್ಮದಾಗಿರಲಾರದು, ಪಕ್ಕದ ಮಂಚದವನ ಪಾಳಿ ಯಾವುದೆಂದು ಮೊದಲ ದಿನವೇ ಕೇಳಿಕೊಳ್ಳಿ, ಕಣ್ಣಿಗೆ ಕಟ್ಟಿಕೊಳ್ಳಲು ಒಂದು ಕಪ್ಪು ಪಟ್ಟಿ ತನ್ನಿ.

ನಮ್ಮ ಮನೆಯಲ್ಲಿ ಅಂಟುಪಟ್ಟಿಗಳು ಹೋಗಿ ಬಹಳ ದಿನಗಳಾದವು. ನಡುಮನೆಯ ದೀಪಗಳು ಈಗಲೂ ಸೂರ್ಯಾಸ್ತಕ್ಕೆ ಹೊತ್ತಿಕೊಳ್ಳುತ್ತವೆ; ಮಲಗುವ ಕೋಣೆಗಳಲ್ಲಿ ಸಾಧಾರಣ ಬಲ್ಬು, ಸಾಧಾರಣ ಸ್ವಿಚ್ಚು. ಊರಿನ ಮನೆಯಲ್ಲಿ ಓಣಿಯ ದೀಪಗಳು ಓಡಾಟ ಕಂಡು ಹೊತ್ತುತ್ತವೆ, ಆದರೆ ನನಗೆ ಏನನ್ನೂ ಹೇಳುವುದಿಲ್ಲ. ಆ ಸಂಪರ್ಕವನ್ನು ಅಮ್ಮನ ಎದುರಿಗೇ ಕುಳಿತು ತೆಗೆದುಹಾಕಿದೆ. ಅವರ ಕೋಣೆಗೆ ಒಂದು ಝೀರೋ ಬಲ್ಬು ಹಾಕಿಸಿದ್ದೇನೆ. ಬೆಳಿಗ್ಗೆ ಇಲ್ಲಿನ ಆರು ಗಂಟೆಗೆ ಫೋನು ಮಾಡುತ್ತೇನೆ. ಅಲ್ಲಿ ಏಳೂವರೆ. ತಿಂಡಿ ಏನು ಎಂದು ನಾನು ಕೇಳುತ್ತೇನೆ, ಅಲ್ಲಿ ಸೆಕೆ ಎಷ್ಟು ಎಂದು ಅವರು ಕೇಳುತ್ತಾರೆ. ರಾತ್ರಿ ಎಷ್ಟು ಸಲ ಎದ್ದೆಯೆಂದು ಈಗ ಅವರೇ ಹೇಳುತ್ತಾರೆ.